ಹೆಸರಿಗೆ ಬಾಂಡು, ಗುಣದಲ್ಲಿ ಷೇರು

ಹಣಕಾಸು ಪ್ರಶ್ನೋತ್ತರ

ಸಾಲಪತ್ರದ ಗುಣ ಮತ್ತು ಷೇರಿನ ಗುಣ ಎರಡೂ ಬೆರೆತ ಹೂಡಿಕೆ ಪತ್ರಗಳಿಗೆ ಹೈಬ್ರಿಡ್ ಸೆಕ್ಯೂರಿಟಿ ಎನ್ನುತ್ತಾರೆ. ಇವುಗಳ ಹೆಸರುಗಳೇ ಹೊಸಬರನ್ನು ಹೆದರಿಸುತ್ತವೆ. ಆದರೆ ಆ ಉದ್ದುದ್ದ ಹೆಸರುಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ವಿಷಯ: ನಿಮ್ಮ ದುಡ್ಡು ಯಾವಾಗ, ಯಾವ ರೂಪದಲ್ಲಿ ವಾಪಸ್ ಬರಬೇಕು ಎಂದು ತೀರ್ಮಾನಿಸುವವರು ಯಾರು? ನೀವೋ, ಕಂಪನಿಯೋ, ನಿಯಂತ್ರಕರೋ? ಈ ಸಲದ ಉತ್ತರಗಳನ್ನು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ಬಾಂಡ್ ಮಾರುವ ಆ್ಯಪ್ ಒಂದರಲ್ಲಿ ಎನ್‌ಸಿಡಿ ಎಂದಿರುತ್ತದೆ. ಕಂಪನಿಗಳ ಸುದ್ದಿಯಲ್ಲಿ ಒಸಿಡಿ, ಸಿಸಿಡಿ, ಸಿಸಿಪಿಎಸ್, ಎನ್‌ಸಿಆರ್‌ಪಿಎಸ್ ಎಂದೆಲ್ಲ ಬರುತ್ತದೆ. ಇವೆಲ್ಲ ಹೈಬ್ರಿಡ್‌ಗಳೇ? ಬಾಯಿಪಾಠ ಮಾಡದೆ ಗುರುತು ಹಿಡಿಯುವುದು ಹೇಗೆ? – ಖಾಸಗಿ ಸಂಸ್ಥೆಯ ಉದ್ಯೋಗಿ, ಹುಬ್ಬಳ್ಳಿ

ಹಿಂದಿನಿಂದ ಓದಿ. ಕೊನೆಯಲ್ಲಿ 'ಡಿ' ಇದ್ದರೆ ಡಿಬೆಂಚರ್, ಅಂದರೆ ಸಾಲ. ಲಾಭ ಬರಲಿ ಬಿಡಲಿ, ಕಂಪನಿ ಬಡ್ಡಿ ಕೊಡಲೇಬೇಕು. 'ಪಿಎಸ್' ಇದ್ದರೆ ಪ್ರಿಫರೆನ್ಸ್ ಷೇರು, ಅಂದರೆ ಸಾಮಾನ್ಯ ಷೇರಿಗಿಂತ ಮೊದಲು ಪಾಲು ಸಿಗುವ ಷೇರು. ಇದಕ್ಕೆ ಬರುವುದು ಬಡ್ಡಿಯಲ್ಲ, ಲಾಭಾಂಶ. ಲಾಭವಿಲ್ಲದ ವರ್ಷ ಅದು ನಿಲ್ಲಬಹುದು.

ಆಮೇಲೆ ಮುಂದಿನ ಅಕ್ಷರಗಳಿಗೆ ಬನ್ನಿ. 'ಎನ್‌ಸಿ' ಎಂದರೆ ನಾನ್ ಕನ್ವರ್ಟಿಬಲ್, ಷೇರಾಗಿ ಬದಲಾಗದು. ಆದ್ದರಿಂದ ಸಾಮಾನ್ಯ ಎನ್‌ಸಿಡಿ ಹೈಬ್ರಿಡ್ ಅಲ್ಲ, ಅಪ್ಪಟ ಸಾಲ. 'ಒಸಿ' ಎಂದರೆ ಆಪ್ಷನಲಿ ಕನ್ವರ್ಟಿಬಲ್. ಬದಲಾಯಿಸುವ ಆಯ್ಕೆ ಒಬ್ಬರ ಕೈಯಲ್ಲಿದೆ, ಯಾರ ಕೈಯಲ್ಲಿ ಎನ್ನುವುದನ್ನು ಷರತ್ತಿನಲ್ಲಿ ಹುಡುಕಬೇಕು. ಸಾಮಾನ್ಯವಾಗಿ ಅದು ಹೂಡಿಕೆದಾರರ ಹಕ್ಕಾಗಿರುತ್ತದೆ, ಆದರೆ ಕಂಪನಿಗೇ ಬಿಟ್ಟಿರುವ ಷರತ್ತುಗಳೂ ಉಂಟು. 'ಸಿಸಿ' ಇದ್ದರೆ ಕಂಪಲ್ಸರಿಲಿ ಕನ್ವರ್ಟಿಬಲ್. ಗಡುವಿನ ದಿನ ಷೇರೇ ಸಿಗುವುದು, ನಗದು ಬೇಕೆಂದರೂ ಇಲ್ಲ. 'ಆರ್' ಎಂದರೆ ರಿಡೀಮಬಲ್, ಗಡುವಿಗೆ ಮುಖಬೆಲೆ ಮರಳಿಸುತ್ತಾರೆ.

ಈ ಪಟ್ಟಿಯಲ್ಲಿ ಹೊಸಬರು ಹಗುರವಾಗಿ ತೆಗೆದುಕೊಳ್ಳುವುದು 'ಕಂಪಲ್ಸರಿ' ಎಂಬ ಪದವನ್ನು. ಟಾಟಾ ಸ್ಟೀಲ್ 2007ರಲ್ಲಿ ಹಕ್ಕಿನ ಷೇರುಗಳ ಜೊತೆ ಶೇ 2ರ ಸಿಸಿಪಿಎಸ್ ಕೊಟ್ಟಿತ್ತು, ಒಂದರ ಮುಖಬೆಲೆ 100 ರೂಪಾಯಿ. ಅಂಥ 6 ಸೇರಿದರೆ 2009ರ ಸೆಪ್ಟೆಂಬರ್ 1ರಂದು ಒಂದು ಸಾಮಾನ್ಯ ಷೇರು. ಅಂದರೆ ಷೇರಿಗೆ 600 ರೂಪಾಯಿ ಮೊದಲೇ ನಿಗದಿಯಾಗಿತ್ತು. ನಡುವೆ 2008ರ ಕುಸಿತ ಬಂತು. ಪರಿವರ್ತನೆಯ ದಿನ ಮಾರುಕಟ್ಟೆಯಲ್ಲಿ ಅದೇ ಷೇರು 600ಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು, ಆದರೂ ಪರಿವರ್ತನೆ ತಪ್ಪಲಿಲ್ಲ. ಕಂಪನಿಯ ತಪ್ಪೇನೂ ಇಲ್ಲ, ಷರತ್ತು ಇದ್ದದ್ದೇ ಹಾಗೆ. ಸಿಸಿಡಿ, ಸಿಸಿಪಿಎಸ್‌ಗಳನ್ನು ಬಡ್ಡಿ ಬರುವ ಪತ್ರ ಎಂದುಕೊಳ್ಳಬೇಡಿ. ತಡವಾಗಿ ಕೈಗೆ ಬರುವ ಷೇರು ಎಂದುಕೊಳ್ಳಿ.

ಪ್ರಶ್ನೆ: ನಾನು ಪ್ರತಿ ತಿಂಗಳು ಹೈಬ್ರಿಡ್ ಮ್ಯೂಚುವಲ್ ಫಂಡ್‌ಗೆ ಎಸ್‌ಐಪಿ ಕಟ್ಟುತ್ತೇನೆ. ನನ್ನ ಬಳಿ ಇರುವುದೂ ಹೈಬ್ರಿಡ್ ಸೆಕ್ಯೂರಿಟಿಯೇ ತಾನೆ? – ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ಅಲ್ಲ. ಅನ್ನ, ಸಾರು ಬೇರೆಬೇರೆಯಾಗಿ ಒಂದೇ ತಟ್ಟೆಯಲ್ಲಿದ್ದರೆ ಅದು ಊಟ. ಬಿಸಿಬೇಳೆಬಾತ್‌ನಲ್ಲಿ ಅವೇ ಬೆಂದು ಒಂದಾಗಿರುತ್ತವೆ. ನಿಮ್ಮ ಫಂಡು ತಟ್ಟೆಯ ಊಟ. ಷೇರುಗಳೂ ಸಾಲಪತ್ರಗಳೂ ಒಳಗೆ ಬೇರೆಬೇರೆಯಾಗಿಯೇ ಇವೆ. ಅಗ್ರೆಸಿವ್ ಹೈಬ್ರಿಡ್ ಆದರೆ ಶೇ 65ರಿಂದ 80 ಷೇರು, ಕನ್ಸರ್ವೇಟಿವ್ ಆದರೆ ಶೇ 10ರಿಂದ 25 ಷೇರು, ಉಳಿದದ್ದು ಸಾಲಪತ್ರ. ಆ ಸಾಲಪತ್ರಗಳ ನಡುವೆ ನಿಜವಾದ ಹೈಬ್ರಿಡ್‌ಗಳೂ ಇರಬಹುದು. ಬ್ಯಾಂಕುಗಳ ಎಟಿ1ನಂಥ ವಿಶೇಷ ಷರತ್ತಿನ ಬಾಂಡುಗಳಿಗೆ (ಇವುಗಳ ವಿವರ ಮುಂದೆ ಬರುತ್ತದೆ) 2021ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಒಂದು ಫಂಡ್ ಯೋಜನೆಯ ಸಾಲಪತ್ರ ಭಾಗದ ಶೇ 10ರ ಮಿತಿ ಹಾಕಿತು, ಒಂದೇ ಸಂಸ್ಥೆಯದಾದರೆ ಶೇ 5. ಫಂಡ್ ಮನೆಯ ತಿಂಗಳ ಪೋರ್ಟ್‌ಫೋಲಿಯೋ ಪಟ್ಟಿಯಲ್ಲಿ 'ಪರ್ಪೆಚುವಲ್' (ಗಡುವಿಲ್ಲದ) ಅಥವಾ 'ಟಿಯರ್ 1' ಎಂಬ ಪದ ಹುಡುಕಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಕನ್ವರ್ಷನ್ ರೇಷಿಯೊ, ಕನ್ವರ್ಷನ್ ಪ್ರೀಮಿಯಂ, ಬಾಂಡ್ ಫ್ಲೋರ್ – ಈ ಮೂರನ್ನು ಲೆಕ್ಕ ಹಾಕಿ ತೋರಿಸಿ. ವ್ಯಾಖ್ಯೆ ಓದಿದರೆ ತಲೆಗೆ ಹತ್ತುತ್ತಿಲ್ಲ. – ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಒಂದು ಕಾಲ್ಪನಿಕ ಡಿಬೆಂಚರ್ ತೆಗೆದುಕೊಳ್ಳೋಣ. ಮುಖಬೆಲೆ 1,000 ರೂಪಾಯಿ, ವರ್ಷಕ್ಕೆ ಶೇ 8 ಬಡ್ಡಿ, ಇನ್ನು 3 ವರ್ಷ ಬಾಕಿ. ಬೇಕಾದರೆ 4 ಷೇರಾಗಿ ಬದಲಾಯಿಸಿಕೊಳ್ಳುವ ಹಕ್ಕು ನಿಮ್ಮದು. ಇವತ್ತು ಷೇರಿನ ಬೆಲೆ 210, ಡಿಬೆಂಚರಿನ ಬೆಲೆ 1,010.

ಒಂದು ಡಿಬೆಂಚರಿಗೆ ಸಿಗುವ ಷೇರುಗಳ ಸಂಖ್ಯೆಯೇ ಕನ್ವರ್ಷನ್ ರೇಷಿಯೊ, ಇಲ್ಲಿ 4. ಮುಖಬೆಲೆಯನ್ನು ಅದರಿಂದ ಭಾಗಿಸಿದರೆ ಕನ್ವರ್ಷನ್ ಬೆಲೆ 250. ಈಗಲೇ ಬದಲಾಯಿಸಿದರೆ ಕೈಗೆ ಬರುವುದು 4 × 210 = 840, ಇದು ಕನ್ವರ್ಷನ್ ಮೌಲ್ಯ. ನೀವು ತೆರುವುದು 1,010. ಹೆಚ್ಚಿಗೆ ಕೊಟ್ಟ 170 ರೂಪಾಯಿ 840ರ ಶೇ 20.2 ಆಗುತ್ತದೆ, ಅದೇ ಕನ್ವರ್ಷನ್ ಪ್ರೀಮಿಯಂ.

ಆ 170 ಹೆಚ್ಚಾಯಿತೇ? ಡಿಬೆಂಚರ್ ಇಟ್ಟುಕೊಂಡರೆ ವರ್ಷಕ್ಕೆ 80 ಬಡ್ಡಿ. ಬದಲಿಗೆ 4 ಷೇರು ಇದ್ದು, ಒಂದಕ್ಕೆ 3 ರೂಪಾಯಿ ಲಾಭಾಂಶ ಬಂದರೆ 12. ವ್ಯತ್ಯಾಸ 68. 170ನ್ನು 68ರಿಂದ ಭಾಗಿಸಿ: ಎರಡೂವರೆ ವರ್ಷ. ಬಾಕಿ ಇರುವ 3 ವರ್ಷದೊಳಗೇ ಕೊಟ್ಟ ಪ್ರೀಮಿಯಂ ವಾಪಸ್ ಹುಟ್ಟುತ್ತದೆ, ಪರವಾಗಿಲ್ಲ. ಉತ್ತರ ಐದು ವರ್ಷ ಬಂದಿದ್ದರೆ ಬೇಡ ಎನ್ನುತ್ತಿದ್ದೆವು.

ಇನ್ನು ಬಾಂಡ್ ಫ್ಲೋರ್. ಪರಿವರ್ತನೆಯ ಹಕ್ಕನ್ನು ಮರೆತು, ಇದನ್ನು ಬರೀ ಸಾಲವೆಂದು ನೋಡಿದರೆ ಎಷ್ಟು ಬಾಳುತ್ತದೆ ಎಂಬ ಲೆಕ್ಕ. ಅದೇ ಕಂಪನಿಯ ಸಾದಾ ಎನ್‌ಸಿಡಿ ಶೇ 10 ಆದಾಯ ಕೊಡುತ್ತಿದ್ದರೆ, ಮುಂದಿನ 80, 80, 1,080 ರೂಪಾಯಿಗಳನ್ನು ಶೇ 10ರ ದರದಲ್ಲಿ ಇವತ್ತಿನ ಮೌಲ್ಯಕ್ಕೆ ಇಳಿಸಿ, ಅಂದರೆ ಎಷ್ಟು ವರ್ಷ ದೂರವೋ ಅಷ್ಟು ಸಲ 1.10ರಿಂದ ಭಾಗಿಸಿ ಕೂಡಿ. ಸುಮಾರು 950 ಬರುತ್ತದೆ. ಷೇರು ಎಷ್ಟೇ ಬಿದ್ದರೂ ಡಿಬೆಂಚರು 950ರ ಹತ್ತಿರ ನಿಲ್ಲುತ್ತದೆ ಎನ್ನುತ್ತವೆ ಪುಸ್ತಕಗಳು.

ಎಡವಟ್ಟಾಗುವುದು ಇಲ್ಲೇ. ಷೇರು ಕುಸಿಯಲು ಕಾರಣ ಕಂಪನಿಯ ಸಾಲದ ಸಂಕಟವೇ ಆಗಿದ್ದರೆ ಎನ್‌ಸಿಡಿಯ ಆದಾಯವೂ ಶೇ 10ರಿಂದ 14ಕ್ಕೆ ಏರಿರುತ್ತದೆ. ಅದೇ ಲೆಕ್ಕವನ್ನು 14ರಲ್ಲಿ ಮಾಡಿ ನೋಡಿ, ನೆಲ 861ಕ್ಕೆ ಇಳಿದಿರುತ್ತದೆ. ಫ್ಲೋರ್ ಎಂದರೆ ಕಾಂಕ್ರೀಟ್ ನೆಲವಲ್ಲ. ಕಡ್ಡಾಯ ಪರಿವರ್ತನೆಯ ಸಿಸಿಡಿಗಂತೂ ಈ ನೆಲವೇ ಇಲ್ಲ, ಮುಖಬೆಲೆ ಮರಳಿಸುವ ಮಾತೇ ಅದರಲ್ಲಿರುವುದಿಲ್ಲವಲ್ಲ.

ಎರಡು ಚಿಕ್ಕ ಸಂಗತಿ. ಕಂಪನಿ 1:1 ಬೋನಸ್ ಕೊಟ್ಟರೆ ರೇಷಿಯೊ 4ರಿಂದ 8 ಆಗಬೇಕು. ಹಾಗೆ ಸರಿಹೊಂದಿಸುವ ಕಲಮು ಇದೆಯೇ ನೋಡಿ. ಡಿಬೆಂಚರ್ ಷೇರಾಗಿ ಬದಲಾದ ದಿನ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಮುಂದೆ ಷೇರು ಮಾರುವಾಗ ಡಿಬೆಂಚರಿಗೆ ಕೊಟ್ಟ ಬೆಲೆಯೇ ಖರೀದಿ ಬೆಲೆ, ಡಿಬೆಂಚರ್ ಇಟ್ಟುಕೊಂಡ ಅವಧಿಯೂ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಖರೀದಿ ಚೀಟಿ ಎಸೆಯಬೇಡಿ.

ಪ್ರಶ್ನೆ: ನಿವೃತ್ತಿಯ ಹಣವನ್ನು ಎಫ್‌ಡಿಯಲ್ಲಿ ಇಟ್ಟಿದ್ದೇನೆ. ಪರಿಚಯದವರೊಬ್ಬರು 'ಬ್ಯಾಂಕಿನದೇ ಪರ್ಪೆಚುವಲ್ ಬಾಂಡ್ ಇದೆ ಸಾರ್, ಎಫ್‌ಡಿಗಿಂತ ಬಡ್ಡಿ ಜಾಸ್ತಿ, ಬ್ಯಾಂಕ್ ತಾನೆ, ಏನೂ ಆಗಲ್ಲ' ಎನ್ನುತ್ತಾರೆ. ಎಟಿ1 ಎಂದರೇನು? – ನಿವೃತ್ತ ನೌಕರ, ದಾವಣಗೆರೆ

ಎಟಿ1, ಅಂದರೆ ಅಡಿಷನಲ್ ಟಿಯರ್ 1. ಬ್ಯಾಂಕಿಗೆ ನಷ್ಟವಾದಾಗ ಅದನ್ನು ಹೀರಿಕೊಳ್ಳಲೆಂದೇ ಮಾಡಿದ ಬಾಂಡು. 2008ರ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳನ್ನು ಸರ್ಕಾರಗಳ ಹಣದಿಂದ ಉಳಿಸಬೇಕಾಗಿ ಬಂದಿತ್ತು. ಮುಂದೆ ಹಾಗಾಗದಿರಲಿ, ಹೂಡಿಕೆದಾರರೇ ಮೊದಲು ಹೊರೆ ಹೊರಲಿ ಎಂದು ಬ್ಯಾಂಕುಗಳಿಗಾಗಿನ ಬಾಸೆಲ್ 3 ಎಂಬ ಅಂತರರಾಷ್ಟ್ರೀಯ ನಿಯಮಗಳು ಇದನ್ನು ರೂಪಿಸಿದವು. ಹೆಚ್ಚಿನ ಬಡ್ಡಿ ಆ ಹೊರೆ ಹೊರುವ ಕೂಲಿ.

ಇದರ ಷರತ್ತುಗಳು ಹೀಗಿವೆ. ಗಡುವಿಲ್ಲ. ಕನಿಷ್ಠ 5 ವರ್ಷದ ಮೇಲೆ ವಾಪಸ್ ಕರೆದುಕೊಳ್ಳುವ 'ಕಾಲ್ ಆಪ್ಷನ್' ಬ್ಯಾಂಕಿನದು, ಅದಕ್ಕೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಬಡ್ಡಿ ಕೊಡದೆ ಬಿಡಬಹುದು, ಬಿಟ್ಟದ್ದು ಬಾಕಿಯಾಗಿ ಸೇರುವುದಿಲ್ಲ, ಹೋಯಿತೆಂದರೆ ಹೋಯಿತು. ಬ್ಯಾಂಕಿನ ಮೂಲ ಬಂಡವಾಳದ ಅನುಪಾತ (ಸಾಲದಂಥ ಅಪಾಯದ ಆಸ್ತಿಗೆ ಹೋಲಿಸಿದರೆ ಸ್ವಂತ ಬಂಡವಾಳ ಎಷ್ಟು ಎಂಬುದು) ಶೇ 6.125ಕ್ಕಿಂತ ಕೆಳಗಿಳಿದರೆ ಅಥವಾ ಬ್ಯಾಂಕು ಇನ್ನು ನಡೆಯಲಾರದು ಎಂದು ರಿಸರ್ವ್ ಬ್ಯಾಂಕ್ ತೀರ್ಮಾನಿಸಿದರೆ ಅಸಲನ್ನೇ ಅಳಿಸಿಹಾಕಬಹುದು. ಎರಡನೆಯದಕ್ಕೆ 'ಪಾಯಿಂಟ್ ಆಫ್ ನಾನ್ ವಯಬಿಲಿಟಿ' ಎನ್ನುತ್ತಾರೆ. ನಾಲ್ಕರಲ್ಲಿ ಒಂದು ಆಯ್ಕೆಯೂ ನಿಮ್ಮ ಕೈಯಲ್ಲಿಲ್ಲ, ಗಮನಿಸಿ.

ಇದೆಲ್ಲ ಕಾಗದದ ಮೇಲಿನ ಮಾತು ಎಂದುಕೊಂಡಿದ್ದವರಿಗೆ 2020ರ ಮಾರ್ಚ್‌ನಲ್ಲಿ ಉತ್ತರ ಸಿಕ್ಕಿತು. ಯೆಸ್ ಬ್ಯಾಂಕನ್ನು ಉಳಿಸುವಾಗ ಅದರ 8,415 ಕೋಟಿ ರೂಪಾಯಿಯ ಎಟಿ1 ಬಾಂಡುಗಳನ್ನು ಸೊನ್ನೆಗೆ ಇಳಿಸಲಾಯಿತು. ಸಾಮಾನ್ಯ ಷೇರುದಾರರ ಷೇರು ಮಾತ್ರ ಉಳಿಯಿತು. ಬಾಂಡ್ ಕೊಂಡವರಲ್ಲಿ 1,346 ಮಂದಿ ವ್ಯಕ್ತಿಗತ ಹೂಡಿಕೆದಾರರಿದ್ದರು, 277 ಮಂದಿಯಂತೂ ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಸಿ ಇದಕ್ಕೆ ಹಾಕಿದ್ದರು ಎಂದು ಸೆಬಿಯ 2021ರ ಆದೇಶ ದಾಖಲಿಸಿದೆ. ಮಾರುವಾಗ 'ಸೂಪರ್ ಎಫ್‌ಡಿ' ಎಂಬ ಮಾತೂ ಬಳಕೆಯಾಗಿತ್ತು. ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ಆ ರದ್ದತಿಯನ್ನು ಅಸಿಂಧುಗೊಳಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅದೇ 2023ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕಿನ ಸುಮಾರು 1,600 ಕೋಟಿ ಫ್ರಾಂಕ್ ಎಟಿ1 ಕೂಡ ಹೀಗೇ ಅಳಿಯಿತು. ಅಲ್ಲಿ ಷೇರುದಾರರಿಗೆ ಅಷ್ಟಿಷ್ಟು ದಕ್ಕಿತು.

'ಬಾಂಡಿನವರು ಷೇರಿನವರಿಗಿಂತ ಮುಂದೆ' ಎಂಬ ಸರದಿ ದಿವಾಳಿಯಲ್ಲಿ ಆಸ್ತಿ ಹಂಚುವಾಗಿನದು. ಬ್ಯಾಂಕು ಮುಚ್ಚದೆಯೇ ಎಟಿ1 ಅಳಿಸಲು ಅವಕಾಶವಿರುವುದರಿಂದ ಆ ಸರದಿ ಬರುವ ಮೊದಲೇ ನಿಮ್ಮ ಆಟ ಮುಗಿದಿರುತ್ತದೆ. ಟಿಯರ್ 2 ಬಾಂಡು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ: ಗಡುವಿದೆ, ಬ್ಯಾಂಕು ತನ್ನಿಷ್ಟಕ್ಕೆ ಬಡ್ಡಿ ನಿಲ್ಲಿಸುವಂತಿಲ್ಲ. ಅಳಿಸುವ ಕಲಮು ಮಾತ್ರ ಅದರಲ್ಲೂ ಇದೆ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್‌ಗೆ ಸೇರಿಸಿದಾಗ 318.20 ಕೋಟಿ ರೂಪಾಯಿಯ ಟಿಯರ್ 2 ಬಾಂಡುಗಳು ಹಾಗೆಯೇ ಹೋದವು.

2020ರ ಅಕ್ಟೋಬರ್‌ನಿಂದ ಹೊಸ ಎಟಿ1 ಬಾಂಡುಗಳನ್ನು ಅರ್ಹ ಸಾಂಸ್ಥಿಕ ಹೂಡಿಕೆದಾರರಿಗೆ ಮಾತ್ರ ಹಂಚಬೇಕು, ಕನಿಷ್ಠ ಹಂಚಿಕೆಯೂ ವಹಿವಾಟಿನ ಲಾಟೂ 1 ಕೋಟಿ ರೂಪಾಯಿ ಇರಬೇಕು ಎಂದು ಸೆಬಿ ನಿಯಮ ಮಾಡಿದೆ. ನಿಮ್ಮ ಪರಿಚಯದವರು ಕೆಲವು ಲಕ್ಷದ ಮಾತಾಡುತ್ತಿದ್ದರೆ ಅವರು ಮಾರುತ್ತಿರುವುದು ಯಾವ ಪತ್ರ ಎಂದು ಐಸಿನ್ ಸಂಖ್ಯೆ (ಪ್ರತಿ ಹೂಡಿಕೆ ಪತ್ರಕ್ಕೂ ಇರುವ ಗುರುತಿನ ಸಂಖ್ಯೆ) ಸಮೇತ ಬರೆದು ಕೊಡಲು ಹೇಳಿ. ಎಫ್‌ಡಿಗೆ 5 ಲಕ್ಷದವರೆಗೆ ವಿಮೆ ಇದೆ, ಬಾಂಡಿಗೆ ಒಂದು ಪೈಸೆಯೂ ಇಲ್ಲ. ನಮ್ಮನ್ನು ಕೇಳಿದರೆ, ನಿವೃತ್ತಿಯ ಹಣಕ್ಕೆ ಇದು ಜಾಗವಲ್ಲ.

ಪ್ರಶ್ನೆ: ಒಂದೇ ಬಾಂಡಿಗೆ ಒಂದು ಕಡೆ ಶೇ 8.17 ಯೀಲ್ಡ್, ಇನ್ನೊಂದು ಕಡೆ ಶೇ 6.3 ಎಂದಿತ್ತು. ಯಾವುದು ಸುಳ್ಳು? – ಅಂಗಡಿ ಮಾಲೀಕ, ತುಮಕೂರು

ಎರಡೂ ನಿಜ. ಯೀಲ್ಡ್ ಎಂದರೆ ನೀವು ಕೊಟ್ಟ ಬೆಲೆಯ ಮೇಲೆ ಸಿಗುವ ಆದಾಯ. ಮುಖಬೆಲೆ 100, ಅದರ ಮೇಲೆ ಕೊಡುವ ಬಡ್ಡಿ (ಕೂಪನ್) ಶೇ 8.5, ಮಾರುಕಟ್ಟೆ ಬೆಲೆ 104, ಎರಡು ವರ್ಷದಲ್ಲಿ ಕಾಲ್ ದಿನಾಂಕ ಎಂದಿಟ್ಟುಕೊಳ್ಳಿ. 8.5ನ್ನು 104ರಿಂದ ಭಾಗಿಸಿದರೆ 8.17, ಇದು ಕರೆಂಟ್ ಯೀಲ್ಡ್. ಕಂಪನಿ ಕಾಲ್ ಮಾಡಿದ ದಿನ ಕೈಗೆ ಬರುವುದು 104 ಅಲ್ಲ, 100. ಆ 4 ರೂಪಾಯಿ ನಷ್ಟವನ್ನೂ ಸೇರಿಸಿ ಹಾಕಿದ ಲೆಕ್ಕ 6.3, ಇದು ಯೀಲ್ಡ್ ಟು ಕಾಲ್. ಕಾಲ್ ಇರುವ ಬಾಂಡನ್ನು ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವಾಗ ಚಿಕ್ಕ ಅಂಕಿಯನ್ನೇ ನಂಬಿ. ಕಾಲ್ ಕಂಪನಿಯ ಹಕ್ಕು. ಬಡ್ಡಿದರ ಇಳಿದು ನಿಮಗೆ ಬಾಂಡು ಬೇಕೆನಿಸಿದ ಹೊತ್ತಿಗೇ ಅದು ಕಿತ್ತುಕೊಳ್ಳುತ್ತದೆ. 'ಪುಟ್' ಇದ್ದರೆ ಅದು ನಿಮ್ಮ ಹಕ್ಕು, ಬೇಡವಾದರೆ ವಾಪಸ್ ಕೊಡಬಹುದು. ಪುಟ್ ಇರುವ ಬಾಂಡಿಗೆ ಬಡ್ಡಿ ತುಸು ಕಡಿಮೆ ಇರುವುದು ಇದೇ ಕಾರಣಕ್ಕೆ.

ಪ್ರಶ್ನೆ: ಟಿವಿಎಸ್ ಮೋಟಾರ್ ಷೇರು ಇತ್ತು. 2025ರಲ್ಲಿ ಒಂದು ದಿನ ಡಿಮ್ಯಾಟ್‌ನಲ್ಲಿ ಕೇಳದೆಯೇ 'ಎನ್‌ಸಿಆರ್‌ಪಿಎಸ್ 6%' ಎಂದು ಬಂದು ಕೂತಿದೆ. ಇದು ಬೋನಸ್ ಷೇರೇ? – ಗೃಹಿಣಿ, ಮೈಸೂರು

ಬೋನಸ್ಸೇ, ಆದರೆ ಸಾಮಾನ್ಯ ಷೇರಲ್ಲ. ಒಂದು ಷೇರಿಗೆ 10 ರೂಪಾಯಿ ಮುಖಬೆಲೆಯ 4 ಪ್ರಿಫರೆನ್ಸ್ ಷೇರು ಕೊಟ್ಟರು. ನಾನ್ ಕನ್ವರ್ಟಿಬಲ್, ಅಂದರೆ ಮುಂದೆ ಷೇರಾಗದು. ರಿಡೀಮಬಲ್, ಅಂದರೆ ಗಡುವಿಗೆ ಮುಖಬೆಲೆ ಕೈಗೆ ಬರುತ್ತದೆ. ಒಂದು ಷೇರಿಗೆ 40 ರೂಪಾಯಿಯನ್ನು ಕಂಪನಿ ತಡವಾಗಿ, ಶೇ 6 ಲಾಭಾಂಶ ಸೇರಿಸಿ ಹಂಚುತ್ತಿದೆ ಎಂದು ತಿಳಿಯಿರಿ. ಪುಕ್ಕಟೆ ಅಲ್ಲ, ಕಂಪನಿಯ ಮೀಸಲು ನಿಧಿಯಲ್ಲಿದ್ದ ನಿಮ್ಮದೇ ಪಾಲು. ಝೀ ಎಂಟರ್‌ಟೇನ್‌ಮೆಂಟ್ 2014ರಲ್ಲಿ ಕೊಟ್ಟದ್ದೂ ಶೇ 6ರ ಇಂಥದೇ ಷೇರು. ಅದರ ಅಸಲು ನಾಲ್ಕನೇ ವರ್ಷದಿಂದ ವರ್ಷಕ್ಕೆ ಶೇ 20ರಂತೆ ಐದು ಕಂತಿನಲ್ಲಿ ಮರಳುವ ಷರತ್ತಿತ್ತು. ಕಂತು ಕಳೆದಂತೆ ಪರದೆಯ ಮೇಲೆ ಬೆಲೆ ಇಳಿದದ್ದು ನೋಡಿ ನಷ್ಟವಾಯಿತೆಂದು ಗಾಬರಿಯಾಗಬಾರದು.

ಪ್ರಿಫರೆನ್ಸ್ ಷೇರಿನಲ್ಲಿ ನೋಡಬೇಕಾದ ಪದ 'ಕ್ಯುಮ್ಯುಲೇಟಿವ್'. ಅದಿದ್ದರೆ ಒಂದು ವರ್ಷ ತಪ್ಪಿದ ಲಾಭಾಂಶ ಬಾಕಿ ಉಳಿಯುತ್ತದೆ. ಎರಡು ವರ್ಷ ಲಾಭಾಂಶ ಕೊಡದಿದ್ದರೆ 2013ರ ಕಂಪನಿ ಕಾಯ್ದೆಯಂತೆ ಎಲ್ಲ ನಿರ್ಣಯಗಳ ಮೇಲೂ ಮತ ಹಾಕುವ ಹಕ್ಕು ಪ್ರಿಫರೆನ್ಸ್ ಷೇರುದಾರರಿಗೆ ಬರುತ್ತದೆ. ಅಸಲು ಮರಳಿಸುವುದಕ್ಕೂ ಲಾಭ ಬೇಕು, ಇಲ್ಲವೇ ಹೊಸ ಷೇರು ಮಾರಿ ತಂದ ಹಣ ಬೇಕು. ಎರಡೂ ಇಲ್ಲದ ಕಂಪನಿಯ ಪ್ರಿಫರೆನ್ಸ್ ಷೇರು ಗಡುವು ದಾಟಿಯೂ ಹಾಗೇ ಬಿದ್ದಿರುತ್ತದೆ.

ಪ್ರಶ್ನೆ: ಎಂಬೆಸಿ ರೀಟ್ ಯೂನಿಟ್ ಇದೆ. ಬಂದ ಹಣದ ವಿವರದಲ್ಲಿ ಬಡ್ಡಿ, ಲಾಭಾಂಶ, ಎಸ್‌ಪಿವಿ ಸಾಲ ಮರುಪಾವತಿ ಎಂದು ಭಾಗ ಮಾಡಿದ್ದಾರೆ. ಎಲ್ಲ ಬಾಡಿಗೆಯೇ ಅಲ್ಲವೇ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ರೀಟ್ ಎಂದರೆ ಹಲವರ ಹಣ ಕೂಡಿಸಿ ಬಾಡಿಗೆ ಕಟ್ಟಡಗಳಲ್ಲಿ ತೊಡಗಿಸುವ ಟ್ರಸ್ಟ್. ಬಂದ ಹಣ ಮೂಲದಲ್ಲಿ ಬಾಡಿಗೆಯೇ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಂಥ ಕಟ್ಟಡಗಳದು. ಆದರೆ ಕಟ್ಟಡ ಇರುವುದು ಎಸ್‌ಪಿವಿ ಎಂಬ ಮರಿ ಕಂಪನಿಯ ಹೆಸರಿನಲ್ಲಿ. ರೀಟ್ ಆ ಕಂಪನಿಗೆ ಷೇರು ಬಂಡವಾಳವನ್ನೂ ಹಾಕಿರುತ್ತದೆ, ಸಾಲವನ್ನೂ ಕೊಟ್ಟಿರುತ್ತದೆ. ಬಾಡಿಗೆ ಹಣ ಮೇಲಕ್ಕೆ ಬರುವಾಗ ಕೆಲವು ಭಾಗ ಬಡ್ಡಿಯಾಗಿ, ಕೆಲವು ಲಾಭಾಂಶವಾಗಿ, ಕೆಲವು ಸಾಲದ ಅಸಲಾಗಿ ಬರುತ್ತದೆ. ಹಂಚಬಹುದಾದ ನಗದಿನ ಶೇ 90ನ್ನಾದರೂ ಹಂಚಲೇಬೇಕು ಎಂಬುದು ನಿಯಮ.

ಭಾಗ ಮಾಡುವುದು ತೆರಿಗೆಗಾಗಿ. ಬಡ್ಡಿಗೆ ನಿಮ್ಮ ಸ್ಲ್ಯಾಬಿನ ದರ. ಲಾಭಾಂಶಕ್ಕೆ ತೆರಿಗೆ ಇದೆಯೋ ಇಲ್ಲವೋ ಎನ್ನುವುದು ಎಸ್‌ಪಿವಿ ಕಂಪನಿ ತೆರಿಗೆಯ ರಿಯಾಯಿತಿ ದರದ ಪದ್ಧತಿ ಆಯ್ದಿದೆಯೇ ಎಂಬುದರ ಮೇಲೆ ನಿಂತಿದೆ, ರೀಟ್ ಕಳಿಸುವ ಹೇಳಿಕೆಯಲ್ಲೇ ಬರೆದಿರುತ್ತದೆ. ಸಾಲ ಮರುಪಾವತಿ ಭಾಗಕ್ಕೆ ಸಾಮಾನ್ಯವಾಗಿ ಆಗಲೇ ತೆರಿಗೆ ಇಲ್ಲ, ಆದರೆ ಅದು ನಿಮ್ಮ ಖರೀದಿ ಬೆಲೆಯಿಂದ ಕಳೆಯುತ್ತದೆ. 380ಕ್ಕೆ ಕೊಂಡು, ಮೂರು ವರ್ಷದಲ್ಲಿ 24 ರೂಪಾಯಿ ಈ ಬಾಬ್ತಿನಲ್ಲಿ ಬಂದು, 400ಕ್ಕೆ ಮಾರಿದರೆ ಲಾಭ 20 ಅಲ್ಲ, 44. ಬಹಳ ಜನ ತಪ್ಪುವುದು ಈ ಲೆಕ್ಕದಲ್ಲೇ.

ಇನ್ನೊಂದು ಬದಲಾವಣೆ: ಮ್ಯೂಚುವಲ್ ಫಂಡ್‌ಗಳ ಮಟ್ಟಿಗೆ 2026ರ ಜನವರಿ 1ರಿಂದ ರೀಟನ್ನು ಷೇರಿನ ಗುಂಪಿಗೆ ಸೇರಿಸಲಾಗಿದೆ. ರೀಟಿನಂತೆಯೇ ರಸ್ತೆ, ವಿದ್ಯುತ್ ಮಾರ್ಗಗಳಲ್ಲಿ ಹಣ ತೊಡಗಿಸುವ ಇನ್‌ವಿಟ್ ಹೈಬ್ರಿಡ್ ಆಗಿಯೇ ಉಳಿದಿದೆ. ಟೋಲ್ ರಸ್ತೆಯ ಇನ್‌ವಿಟ್‌ನಲ್ಲಿ ಗುತ್ತಿಗೆಯ ವರ್ಷ ಮುಗಿದರೆ ರಸ್ತೆ ಸರ್ಕಾರಕ್ಕೆ ಹೋಗುತ್ತದೆ. ಆದ್ದರಿಂದ ಅಲ್ಲಿ ಬರುವ ಶೇ 10–12ರಲ್ಲಿ ನಿಮ್ಮ ಅಸಲೂ ಸೇರಿರುತ್ತದೆ.

ಪ್ರಶ್ನೆ: ನಾನು ಬರೀ ಷೇರು ಕೊಳ್ಳುವವನು. ವಾರಂಟ್, ಎಫ್‌ಸಿಸಿಬಿ ನನಗೇಕೆ ಬೇಕು? – ಬೆಳಗಾವಿ

ನಿಮ್ಮ ಪಾಲು ತೆಳುವಾಗುವುದು ಅವುಗಳಿಂದಲೇ. ವಾರಂಟ್ ಎಂದರೆ ಮುಂದೆ ನಿಗದಿತ ಬೆಲೆಗೆ ಕಂಪನಿಯ ಹೊಸ ಷೇರು ಕೊಳ್ಳುವ ಹಕ್ಕು. ಲಾಭ 10 ಕೋಟಿ, ಷೇರು 1 ಕೋಟಿ ಇದ್ದರೆ ಷೇರಿಗೆ 10 ರೂಪಾಯಿ ಗಳಿಕೆ. ಬಾಕಿ ಇರುವ ವಾರಂಟು, ಬಾಂಡುಗಳಿಂದ ಇನ್ನು 25 ಲಕ್ಷ ಷೇರು ಹುಟ್ಟಿದರೆ ಅದು 8 ಆಗುತ್ತದೆ. ಫಲಿತಾಂಶದಲ್ಲಿ 'ಡೈಲ್ಯೂಟೆಡ್ ಇಪಿಎಸ್' ಎಂಬ ಸಾಲು ಹೇಳುವುದು ಇದನ್ನೇ. ಪ್ರವರ್ತಕರಿಗೆ ವಾರಂಟ್ ಕೊಟ್ಟರೆ ಅವರು ಮೊದಲು ಶೇ 25 ಕಟ್ಟಿ, ಉಳಿದದ್ದನ್ನು 18 ತಿಂಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಆ ಶೇ 25 ಮುಟ್ಟುಗೋಲು. ಷೇರು ಬಿದ್ದರೆ ಅವರು ಅಷ್ಟನ್ನೇ ಕಳೆದುಕೊಂಡು ಕೈತೊಳೆದುಕೊಳ್ಳುತ್ತಾರೆ, ಆಯ್ಕೆ ಅವರದು.

ಎಫ್‌ಸಿಸಿಬಿ ವಿದೇಶಿ ಕರೆನ್ಸಿಯ ಪರಿವರ್ತನೀಯ ಬಾಂಡು. ಷೇರು ಏರಿದರೆ ಪಾಲು ತೆಳುವಾಗುತ್ತದೆ. ಬಿದ್ದರೆ ಯಾರೂ ಬದಲಾಯಿಸಿಕೊಳ್ಳುವುದಿಲ್ಲ, ಇಡೀ ಸಾಲವನ್ನು ಡಾಲರಿನಲ್ಲಿ ತೀರಿಸಬೇಕು, ಅಷ್ಟರಲ್ಲಿ ರೂಪಾಯಿಯೂ ಇಳಿದಿರುತ್ತದೆ. ಸುಜ್ಲಾನ್ 2012ರ ಅಕ್ಟೋಬರ್‌ನಲ್ಲಿ ತೀರಿಸಲಾಗದೆ ನಿಂತದ್ದು ಇಂಥ 20.9 ಕೋಟಿ ಡಾಲರಿನ ಬಾಂಡುಗಳ ಮುಂದೆ.

ಪ್ರಶ್ನೆ: ಮಾಹಿತಿ ಪತ್ರ ಹತ್ತಾರು ಪುಟ ಇರುತ್ತದೆ. ಎಲ್ಲಿ ಕಣ್ಣು ಹಾಯಿಸಬೇಕು? – ಕೃಷಿಕ, ಶಿರಸಿ

ಟರ್ಮ್ ಶೀಟ್ ಎಂಬ ಕೋಷ್ಟಕಕ್ಕೆ ನೇರ ಹೋಗಿ. ಮೊದಲು 'ಸೀನಿಯಾರಿಟಿ' ಸಾಲು: ಸೆಕ್ಯೂರ್ಡ್ (ಆಸ್ತಿಯ ಅಡಮಾನವಿದೆ) ಎಂದಿದೆಯೋ, ಅನ್‌ಸೆಕ್ಯೂರ್ಡ್ (ಅಡಮಾನವಿಲ್ಲ) ಎಂದಿದೆಯೋ, ಸಬಾರ್ಡಿನೇಟೆಡ್ (ಸಾಲ ಕೊಟ್ಟ ಉಳಿದವರ ನಂತರದ ಸರದಿ) ಎಂದಿದೆಯೋ. ಆಮೇಲೆ ಗಡುವು, 'ಪರ್ಪೆಚುವಲ್' ಎಂದಿದ್ದರೆ ಪಕ್ಕದ ಕಾಲ್ ದಿನಾಂಕವನ್ನು ಗಡುವೆಂದು ಭ್ರಮಿಸಬೇಡಿ. ಕೂಪನ್ ಸಾಲಿನಲ್ಲಿ 'ಡಿಸ್ಕ್ರೆಷನ್' (ಬಡ್ಡಿ ಕೊಡುವುದು ಅವರಿಷ್ಟ), 'ನಾನ್ ಕ್ಯುಮ್ಯುಲೇಟಿವ್' (ತಪ್ಪಿದ್ದು ಬಾಕಿಯಾಗದು) ಪದ, ಮುಂದೆ 'ಲಾಸ್ ಅಬ್ಸಾರ್ಪ್ಷನ್' (ನಷ್ಟ ಹೀರುವುದು), 'ರೈಟ್ ಡೌನ್' (ಅಸಲು ಅಳಿಸುವುದು) ಪದ ಇದೆಯೇ ನೋಡಿ. ಪರಿವರ್ತನೆ ಇದ್ದರೆ ಬೆಲೆ ಈಗಲೇ ನಿಗದಿಯೋ ಅಥವಾ ಅಂದಿನ ಮಾರುಕಟ್ಟೆಗೆ ತಕ್ಕಂತೆಯೋ ನೋಡಿ.

ಐಸಿನ್ ಸಂಖ್ಯೆಯನ್ನು ಎನ್‌ಎಸ್‌ಡಿಎಲ್‌ನ ಇಂಡಿಯಾ ಬಾಂಡ್ ಇನ್ಫೋ ತಾಣದಲ್ಲಿ ಹಾಕಿ ಮಾರುವವರ ಮಾತಿನೊಂದಿಗೆ ತಾಳೆ ನೋಡಿ. ಕೊನೆಗೆ ಷೇರುಪೇಟೆಯ ತಾಣದಲ್ಲಿ ಕಳೆದ ಒಂದು ತಿಂಗಳಲ್ಲಿ ಎಷ್ಟು ದಿನ ವಹಿವಾಟು ನಡೆದಿದೆ ಎಂದು ಎಣಿಸಿ. ನಾಲ್ಕೈದು ದಿನ ಮಾತ್ರ ಎಂದಿದ್ದರೆ, ಅಡಿಕೆ ಮಾರಿದ ಹಣವನ್ನು ಮಗಳ ಮದುವೆಗೆಂದು ಇದರಲ್ಲಿ ಇಡಬೇಡಿ. ಬೇಕಾದ ದಿನ ಕೊಳ್ಳುವವರೇ ಇರುವುದಿಲ್ಲ.